ತೋಟದ ಇಂಗಾಲದ ಲೆಕ್ಕಕ್ಕೆ ಮೊಬೈಲ್ ಎಷ್ಟು ಉಪಯುಕ್ತ?

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಅನೇಕರು ಈಚೆಗೆ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಹೊಗೆ ಬಿಡುವವರು ಕಾರ್ಖಾನೆಯವರು ಮತ್ತು ಪಟ್ಟಣದವರು. ಮರದ ನೆರಳಿನಲ್ಲಿ ಕಾಫಿ ಬೆಳೆಯುವ, ಎರಡು ಮೂರು ಎಕರೆ ಅಡಿಕೆ ತೋಟ ನೋಡಿಕೊಂಡಿರುವ ನಾವು ಇಂಗಾಲದ ವಿಚಾರಕ್ಕೆ ಏಕೆ ತಲೆ ಕೆಡಿಸಿಕೊಳ್ಳಬೇಕು? ಇದು ಮೊದಲನೆಯದು. ಮೊಬೈಲು, ಸೆನ್ಸರು, ಉಪಗ್ರಹ ಎಂದು ಹೇಳಿಕೊಂಡು ಮಾರಾಟಗಾರರು ತೋಟದ ಬಾಗಿಲಿಗೇ ಬರುತ್ತಿದ್ದಾರೆ. ಇದರಲ್ಲಿ ಪ್ರಯೋಜನವೆಷ್ಟು, ವ್ಯಾಪಾರವೆಷ್ಟು? ಇದು ಎರಡನೆಯದು.

ಎರಡೂ ನ್ಯಾಯವಾದ ಪ್ರಶ್ನೆಗಳೇ. ಸಣ್ಣ ಬೆಳೆಗಾರನಿಂದ ಭೂಮಿ ಬಿಸಿಯಾಯಿತೆಂದು ಯಾರೂ ಹೇಳುವಂತಿಲ್ಲ. ಆದರೆ ನಮ್ಮ ತೋಟದಿಂದ ಹೊರಹೋಗುವ ಅನಿಲದ ಬಹುಭಾಗ ನಾವು ದುಡ್ಡು ಕೊಟ್ಟು ತಂದು ವ್ಯರ್ಥ ಮಾಡಿದ ವಸ್ತುವಿನಿಂದಲೇ ಹುಟ್ಟುವುದು. ಗಿಡಕ್ಕೆ ಸೇರದ ಗೊಬ್ಬರ, ಬೇಡದ ಹೊತ್ತಿನಲ್ಲಿ ಓಡಿದ ಪಂಪು, ಹದ ಮೀರಿ ಒಣಗಿಸಲು ಉರಿಸಿದ ಸೌದೆ, ಇವುಗಳ ಲೆಕ್ಕ ತೆಗೆದರೆ ಇಂಗಾಲದ ಲೆಕ್ಕವೂ ಖರ್ಚಿನ ಲೆಕ್ಕವೂ ಬಹುಮಟ್ಟಿಗೆ ಒಂದೇ ಪುಟದಲ್ಲಿ ಬರುತ್ತವೆ. ಡಿಜಿಟಲ್ ಉಪಕರಣಗಳ ಉಪಯೋಗ ಇರುವುದು ಈ ಲೆಕ್ಕದಲ್ಲಿ. ಯಾವ ಆ್ಯಪೂ ತಾನಾಗಿ ಇಂಗಾಲವನ್ನು ತಗ್ಗಿಸುವುದಿಲ್ಲ. ಇವತ್ತು ಗೊಬ್ಬರ ಬೇಡ, ಇವತ್ತು ನೀರು ಬೇಡ ಎಂದು ಸಕಾಲದಲ್ಲಿ ತಿಳಿಸಬಲ್ಲದು, ಅಷ್ಟೆ. ಆ ಮಾತನ್ನು ಕೇಳುವುದು ಬಿಡುವುದು ನಮಗೆ ಸೇರಿದ್ದು.

ಗೊಬ್ಬರದ ಮೂಟೆಯಲ್ಲಿ ಏನಿದೆ?

ಮೊದಲು ಯೂರಿಯಾ ತೆಗೆದುಕೊಳ್ಳೋಣ. ಈಗ ಬರುವ 45 ಕಿಲೋ ಮೂಟೆಯಲ್ಲಿ ಸಾರಜನಕ ಶೇಕಡಾ 46, ಅಂದರೆ ಸುಮಾರು 20.7 ಕಿಲೋ. ಮಣ್ಣಿಗೆ ಬಿದ್ದ ಸಾರಜನಕದಲ್ಲಿ ಸುಮಾರು ನೂರರಲ್ಲೊಂದು ಭಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೇರುತ್ತದೆಂಬುದು ಅಂತರರಾಷ್ಟ್ರೀಯ ಹವಾಮಾನ ಸಮಿತಿಯ ಸಾಮಾನ್ಯ ಸೂತ್ರ. ನೂರಕ್ಕೆ ಒಂದು ತಾನೇ ಎಂದು ಹಗುರವಾಗಿ ಎಣಿಸುವಂತಿಲ್ಲ. ಒಂದು ಕಿಲೋ ನೈಟ್ರಸ್ ಆಕ್ಸೈಡ್ ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿಮಾಡುವ ಪ್ರಮಾಣ 273 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಈ ಲೆಕ್ಕದಲ್ಲಿ ಒಂದು ಮೂಟೆಗೆ ಸುಮಾರು 89 ಕಿಲೋ ಆಯಿತು. ಯೂರಿಯಾ ಮಣ್ಣಿನಲ್ಲಿ ಕರಗುವಾಗ ಅದರೊಳಗಿನ ಇಂಗಾಲವೂ ಬಿಡುಗಡೆಯಾಗುತ್ತದೆ. ಅದು 33 ಕಿಲೋ. ಒಟ್ಟು ಸುಮಾರು 122 ಕಿಲೋ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋದಷ್ಟು ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಆದುದರಿಂದ ಒಂದು ಮೂಟೆ ಯೂರಿಯಾ ಎಂದರೆ 45 ಲೀಟರ್ ಡೀಸೆಲ್ ಸುಟ್ಟಂತೆ. ಅದನ್ನು ತಯಾರಿಸುವಾಗ ಕಾರ್ಖಾನೆಯಲ್ಲಿ ಆದದ್ದು ಇದರಲ್ಲಿ ಸೇರಿಲ್ಲ.

ಹಾಗಾದರೆ ಗೊಬ್ಬರ ಹಾಕುವುದೇ ಬೇಡವೆ? ಹಾಗಲ್ಲ. ಫಸಲು ಬೇಕಾದರೆ ಸಾರಜನಕ ಬೇಕೇ ಬೇಕು. ಬೇಕಾದದ್ದೆಷ್ಟು ಎಂದು ತಿಳಿದಿರಬೇಕು. ಫಲ ಬಿಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜತೆಗೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸು ನಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಬೇಕಾದ ಸಾರಜನಕ 55 ಕಿಲೋ. ಪೂರ್ತಿ ಯೂರಿಯಾದಿಂದಲೇ ಕೊಟ್ಟರೂ 120 ಕಿಲೋ, ಅಂದರೆ ಎರಡೂ ಮುಕ್ಕಾಲು ಮೂಟೆಯೂ ಇಲ್ಲ. ಎಕರೆಗೆ ನಾಲ್ಕು ಮೂಟೆ ಸುರಿಯುವವರು ಒಂದೂಕಾಲಕ್ಕಿಂತ ಹೆಚ್ಚು ಮೂಟೆಯನ್ನು ಗಾಳಿಗೂ ಹೊಳೆಗೂ ದಾನ ಮಾಡಿದಂತಾಯಿತು. ಅದರ ಇಂಗಾಲ ಸುಮಾರು 160 ಕಿಲೋ. ಡಿ.ಎ.ಪಿ. ಅಥವಾ ಸಂಯುಕ್ತ ಗೊಬ್ಬರ ಹಾಕುವವರು ಅದರಲ್ಲಿರುವ ಸಾರಜನಕವನ್ನು ಲೆಕ್ಕದಿಂದ ಬಿಟ್ಟುಬಿಡುವುದು ಸಾಮಾನ್ಯ. 50 ಕಿಲೋ ಡಿ.ಎ.ಪಿ. ಮೂಟೆಯಲ್ಲಿ 9 ಕಿಲೋ ಸಾರಜನಕ ಇದ್ದೇ ಇರುತ್ತದೆ.

ಇಲ್ಲಿ ಮೊಬೈಲಿನ ಕೆಲಸ ಎರಡು. ಒಂದು, ಮಣ್ಣು ಪರೀಕ್ಷೆಯ ವರದಿಯನ್ನು ಕಳೆದುಹೋಗದಂತೆ ಇಟ್ಟುಕೊಳ್ಳುವುದು. ಮಣ್ಣು ಆರೋಗ್ಯ ಚೀಟಿಯ ಯೋಜನೆ 2015ರಲ್ಲಿ ಆರಂಭವಾಯಿತು. ಚೀಟಿ ಪಡೆದವರಲ್ಲಿ ಎಷ್ಟೋ ಜನರ ಮನೆಯಲ್ಲಿ ಅದು ಕಪಾಟಿನ ತಳಕ್ಕೆ ಸೇರಿದೆ. ಅದರ ಒಂದು ಛಾಯಾಚಿತ್ರ ಮೊಬೈಲಿನಲ್ಲಿದ್ದರೆ ಗೊಬ್ಬರ ಕೊಳ್ಳುವ ಕಟ್ಟೆಯಲ್ಲಿ ನಿಂತಾಗ ಉಪಯೋಗಕ್ಕೆ ಬರುತ್ತದೆ. ಮಣ್ಣು ಹುಳಿಯಾಗಿದ್ದರೆ ಮೊದಲು ಸುಣ್ಣ ಕೊಡಬೇಕು. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಪೂರ್ತಿ ದಕ್ಕುವುದಿಲ್ಲ.

ಎರಡು, ಹಾಕುವ ದಿನವನ್ನು ಆರಿಸುವುದು. ಒಣ ನೆಲದ ಮೇಲೆ ಎರಚಿದ ಯೂರಿಯಾ ಅಮೋನಿಯವಾಗಿ ಹಾರಿಹೋಗುತ್ತದೆ. ನೀರು ನಿಂತ ನೆಲದಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚು ಹುಟ್ಟುತ್ತದೆ, ಉಳಿದದ್ದು ಜಡಿಮಳೆಗೆ ತೊಳೆದುಹೋಗುತ್ತದೆ. ನೆಲ ಹದವಾಗಿ ತೇವವಿದ್ದು ಮುಂದಿನ ಎರಡು ಮೂರು ದಿನ ಜೋರು ಮಳೆ ಇಲ್ಲದಿರುವ ಸಮಯವೇ ಸರಿಯಾದದ್ದು. ಹಿಂದೆ ಇದನ್ನು ಹಿರಿಯರು ಮೋಡ ನೋಡಿ, ಗಾಳಿ ನೋಡಿ ಹೇಳುತ್ತಿದ್ದರು. ಈಗ ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಮತ್ತು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಸೇರಿ 2019ರಲ್ಲಿ ಹೊರತಂದ ಮೇಘದೂತ್ ಆ್ಯಪ್ ಇದೆ. ಜಿಲ್ಲಾವಾರು ಮುನ್ಸೂಚನೆ ಮತ್ತು ಬೆಳೆ ಸಲಹೆ ಕನ್ನಡದಲ್ಲಿಯೂ ದೊರೆಯುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು ಬಿದ್ದ ಮಳೆಯ ಅಂಕಿಗಳನ್ನು ಒದಗಿಸುತ್ತಿದೆ. ಮುನ್ಸೂಚನೆ ಪ್ರತಿ ಸಲ ಸರಿಯಾಗುವುದಿಲ್ಲ, ನಿಜ. ಹತ್ತರಲ್ಲಿ ಏಳು ಸಲ ಸರಿಯಾದರೂ ಆಳಿನ ಕೂಲಿಯೂ ಗೊಬ್ಬರವೂ ಉಳಿಯಿತು.

ಪಂಪು, ನೀರು ಮತ್ತು ಸ್ವಯಂಚಾಲಿತ ಸ್ಟಾರ್ಟರ್

ಐದು ಅಶ್ವಶಕ್ತಿಯ ವಿದ್ಯುತ್ ಪಂಪು ಒಂದು ಗಂಟೆ ಓಡಿದರೆ ಸುಮಾರು ನಾಲ್ಕೂವರೆ ಯೂನಿಟ್ ಬೇಕು. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚಾದ್ದರಿಂದ ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಲೆಕ್ಕ. ಗಂಟೆಗೆ ಮೂರು ಕಿಲೋ ಎಂದು ನೆನಪಿಟ್ಟುಕೊಂಡರೆ ಸಾಕು.

ಈಗ ಮಲೆನಾಡಿನ ತೋಟ ತೋಟಗಳಲ್ಲಿ ಕಾಣುವ ದೃಶ್ಯವನ್ನು ನೋಡಿ. ತ್ರೀ ಫೇಸ್ ವಿದ್ಯುತ್ ಯಾವ ಹೊತ್ತಿಗೆ ಬರುವುದೋ ತಿಳಿಯದು. ಆದ್ದರಿಂದ ಸ್ವಯಂಚಾಲಿತ ಸ್ಟಾರ್ಟರ್ ಹಾಕಿಸಿದ್ದೇವೆ. ವಿದ್ಯುತ್ ಬಂದ ಕೂಡಲೇ ಪಂಪು ತಾನೇ ಓಡುತ್ತದೆ, ಹೋದಾಗ ತಾನೇ ನಿಲ್ಲುತ್ತದೆ. ಬುಡಕ್ಕೆ ನೀರು ಸಾಕಾಯಿತೇ ಎಂದು ಅದಕ್ಕೆ ತಿಳಿಯದು. ಹತ್ತು ಅಶ್ವಶಕ್ತಿವರೆಗಿನ ಅಡಿಕೆ ತೋಟದ ಪಂಪಿಗೆ ಬಿಲ್ಲು ಬರುವುದಿಲ್ಲವಾದ್ದರಿಂದ ನಮಗೂ ತಿಳಿಯದು. ದಿನಕ್ಕೆ ಮೂರು ಗಂಟೆ ಬೇಡವಾಗಿ ಓಡಿದರೆ ನೂರು ದಿನದ ನೀರಾವರಿಯಲ್ಲಿ 300 ಗಂಟೆ, 1,350 ಯೂನಿಟ್, ಸುಮಾರು 945 ಕಿಲೋ ಇಂಗಾಲದ ಡೈ ಆಕ್ಸೈಡ್. ಇದು ಏಳೆಂಟು ಮೂಟೆ ಯೂರಿಯಾಕ್ಕೆ ಸಮ. ಬಿಲ್ಲು ಇಲ್ಲದಿದ್ದರೂ ನಷ್ಟ ಇಲ್ಲವೆಂದಲ್ಲ: ಕೊಳವೆ ಬಾವಿಯ ನೀರು ಏಪ್ರಿಲಿಗೆ ಮುಗಿಯುತ್ತದೆ, ಮೋಟಾರು ಸುಡುತ್ತದೆ, ಬುಡದ ಸಾರ ತೊಳೆದುಹೋಗುತ್ತದೆ. ಉಪಕರಣ ಡಿಜಿಟಲ್ ಆದ ಮಾತ್ರಕ್ಕೆ ಹೊರಸೂಸುವಿಕೆ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇದೇ ಸ್ಟಾರ್ಟರನ್ನು ಸಮಯಕ್ಕೆ ಕಟ್ಟಿಹಾಕಿದರೆ ಅದು ಒಳ್ಳೆಯ ಆಳು. ಮೊಬೈಲಿನಿಂದ ನಿಯಂತ್ರಿಸುವ ಸ್ಟಾರ್ಟರುಗಳಲ್ಲಿ ಇಂತಿಷ್ಟೇ ನಿಮಿಷ ಓಡಿ ನಿಲ್ಲುವಂತೆ ಹೊಂದಿಸುವ ಸೌಕರ್ಯವಿರುತ್ತದೆ. ಕೊಂಡವರು ಅದನ್ನು ಉಪಯೋಗಿಸುವುದು ಅಪರೂಪ. ತೇವಾಂಶ ಅಳೆಯುವ ಸೆನ್ಸರನ್ನು ಎರಡು ಆಳದಲ್ಲಿ, ಬೇರು ಇರುವಲ್ಲೊಂದು, ಅದಕ್ಕಿಂತ ಕೆಳಗೊಂದು ಇಟ್ಟರೆ, ಕೆಳಗಿನದು ಒದ್ದೆಯಾದ ಮೇಲೆ ಕೊಟ್ಟ ನೀರು ಗಿಡಕ್ಕಲ್ಲ ಎಂದು ತಿಳಿಯುತ್ತದೆ. ಬುಡಕ್ಕೆ ಹಾಯಿಸುವ ಪದ್ಧತಿಯಲ್ಲಿ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಬೇಕೆಂದೂ, ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದೂ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನಾಲ್ಕು ದಿನಕ್ಕೆ ಹೋಲಿಸಿದರೆ ಹನಿಯಲ್ಲಿ ಹೆಚ್ಚೆಂದರೆ 80 ಲೀಟರ್. ನೀರು ಅರ್ಧಕ್ಕಿಂತ ಕಡಿಮೆ, ಪಂಪಿನ ಹೊತ್ತೂ ಅದೇ ಪ್ರಮಾಣದಲ್ಲಿ ಕಡಿಮೆ.

ಕಾಫಿಯವರ ಸಮಸ್ಯೆ ಬೇರೆ. ರೋಬಸ್ಟಾಕ್ಕೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹೊಳೆಯಿಂದ ಗುಡ್ಡದ ತಲೆಗೆ ಎತ್ತಿ ಚಿಮ್ಮಿಸುವುದಕ್ಕೆ ಡೀಸೆಲ್ ಎಷ್ಟು ಹೋಗುವುದೆಂದು ಬ್ಯಾರಲ್ ಖಾಲಿಯಾದಾಗ ಎಲ್ಲರಿಗೂ ಗೊತ್ತಾಗುತ್ತದೆ. ರಾತ್ರಿ 40 ಸೆಂಟು ಮಳೆ ಬಿತ್ತೆನ್ನಿ. ಹೂವಿಗೆ ಅದು ಸಾಲದು. ಹಾಗೆಂದು ಪೂರ್ತಿ ಒಂದೂವರೆ ಇಂಚನ್ನು ಮತ್ತೆ ಕೊಡಬೇಕಾಗಿಯೂ ಇಲ್ಲ. ಕೊರತೆಯಷ್ಟನ್ನು ತಡಮಾಡದೆ ತುಂಬಿದರೆ ಎಕರೆಗೆ 40,000 ಲೀಟರ್ ಎತ್ತುವ ಡೀಸೆಲ್ ಉಳಿಯುತ್ತದೆ. ಆದರೆ ಬಿದ್ದದ್ದು 40 ಸೆಂಟೋ 15 ಸೆಂಟೋ ಎಂದು ಖಚಿತವಾಗಿ ತಿಳಿದಿರಬೇಕು. ಪಂಚಾಯತಿ ಮಾಪಕದಲ್ಲಿ ಬಿದ್ದ ಮಳೆ ಪಕ್ಕದ ಗುಡ್ಡದಲ್ಲಿ ಬೀಳದಿರುವುದು ನಮ್ಮ ಸೀಮೆಯಲ್ಲಿ ಮಾಮೂಲು. ಹಳೆಯ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಇಟ್ಟುಕೊಂಡು ಬಂದದ್ದು ಇದೇ ಕಾರಣಕ್ಕೆ. ಸಣ್ಣ ಬೆಳೆಗಾರರೂ ತೋಟಕ್ಕೊಂದು ಸಾಧಾರಣ ಮಳೆಮಾಪಕ ಇಟ್ಟು ಅಂಕಿಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಕಣ, ಪಲ್ಪರ್ ಮತ್ತು ಒಲೆ

ಕೊಯ್ಲಿನ ನಂತರದ ಕೆಲಸದಲ್ಲಿಯೂ ಅಳತೆಯಿಂದ ಉಳಿತಾಯವಿದೆ. ಪಾರ್ಚ್‌ಮೆಂಟ್ ಶೇಕಡಾ 10ರ ತೇವಕ್ಕೆ, ರೋಬಸ್ಟಾ ಚೆರ್ರಿ ಶೇಕಡಾ 11ಕ್ಕೆ ಒಣಗಿದರೆ ಸಾಕು. ಅದಕ್ಕಿಂತ ಹೆಚ್ಚು ಒಣಗಿಸಿದರೆ ತೂಕ ನಷ್ಟ. ಯಂತ್ರದಲ್ಲಿ ಒಣಗಿಸುವವರಿಗೆ ಸೌದೆಯೂ ನಷ್ಟ. ಫೋರ್ಲಿಟ್ ತೂಕದಲ್ಲಿ ನೋಡುವ ಪದ್ಧತಿ ಒಳ್ಳೆಯದೇ. ಅದರ ಜತೆಗೆ ಸಂಘದಲ್ಲಿ ಒಂದು ಡಿಜಿಟಲ್ ತೇವಾಂಶ ಮಾಪಕ ಇದ್ದರೆ ಹತ್ತಾರು ಮನೆಗಳಿಗೆ ಅದೇ ಸಾಕು. ಅಡಿಕೆ ಬೇಯಿಸಿ ಒಣಗಿಸುವವರು ಮೂರು ನಾಲ್ಕು ದಿನದ ಬಿಸಿಲಿನ ಮುನ್ಸೂಚನೆ ನೋಡಿಕೊಂಡು ಕೊನೆ ಇಳಿಸಿದರೆ ಹೊಗೆ ಅಟ್ಟದ ಸೌದೆ ಎಷ್ಟೋ ಉಳಿಯುತ್ತದೆ.

ಪಲ್ಪರ್ ನೀರು ಗುಂಡಿಯಲ್ಲಿ ಕೊಳೆಯುವಾಗ ಮೀಥೇನ್ ಹುಟ್ಟುತ್ತದೆ. ಅದೂ ಇಂಗಾಲದ ಡೈ ಆಕ್ಸೈಡಿಗಿಂತ ಹಲವು ಪಟ್ಟು ತೀಕ್ಷ್ಣವಾದ ಅನಿಲ. ಪಲ್ಪಿಂಗ್ ಮನೆಯ ಕೊಳವೆಗೆ ಒಂದು ನೀರಿನ ಮೀಟರ್ ಕೂರಿಸಿ ದಿನದ ಹಣ್ಣಿಗೆ ಎಷ್ಟು ಲೀಟರ್ ಹೋಯಿತೆಂದು ಬರೆದುಕೊಂಡರೆ ಎಲ್ಲಿ ಪೋಲಾಗುತ್ತಿದೆಯೆಂದು ಒಂದೇ ವಾರದಲ್ಲಿ ಕಾಣುತ್ತದೆ. ನೀರು ಕಡಿಮೆಯಾದಷ್ಟೂ ಗುಂಡಿಯೂ ಚಿಕ್ಕದು, ಅದನ್ನು ಸಂಸ್ಕರಿಸುವ ಖರ್ಚೂ ಚಿಕ್ಕದು.

ಮರಗಳ ದೊಡ್ಡ ಲೆಕ್ಕ

ಮೇಲೆ ಹೇಳಿದ್ದೆಲ್ಲ ನೂರು ಇನ್ನೂರು ಕಿಲೋಗಳ ಮಾತು, ಹೆಚ್ಚೆಂದರೆ ಒಂದು ಟನ್ನಿನ ಮಾತು. ನಿಜವಾದ ದಾಸ್ತಾನು ಇರುವುದು ನೆರಳಿನ ಮರದಲ್ಲಿ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಟನ್ ಒಣ ತೂಕದ ಮರ ಕಡಿದು ಪೂರ್ತಿ ಸೌದೆಯಾದರೆ ಸುಮಾರು 1.8 ಟನ್ ಇಂಗಾಲದ ಡೈ ಆಕ್ಸೈಡ್. ಹದಿನೈದು ಮೂಟೆ ಯೂರಿಯಾದ ಲೆಕ್ಕ ಒಂದೇ ಮರದಲ್ಲಿ ಹೋಯಿತು. ಆ ಮರ ಪೀಠೋಪಕರಣವಾಗಿ ಮನೆಯೊಳಗೆ ಉಳಿದರೆ ಇಂಗಾಲವೂ ಅಷ್ಟು ಕಾಲ ಅದರಲ್ಲಿಯೇ ಇರುತ್ತದೆ. ಆದರೂ ಹಳೆಯ ಅತ್ತಿ, ಹಲಸು, ನಂದಿ ಮರಗಳನ್ನು ತೆಗೆದು ತೋಟ ಬಯಲು ಮಾಡಿದ ಮೇಲೆ ಯಾವ ಸೆನ್ಸರಿನಿಂದಲೂ ಆ ನಷ್ಟ ತುಂಬಿಬರುವುದಿಲ್ಲ.

ಈ ಮರಗಳ ವಿಚಾರ ಈಗ ಮಾರುಕಟ್ಟೆಗೂ ಬಂದಿದೆ. ಯುರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ತೋಟದ ಸ್ಥಾನವನ್ನು ಅಕ್ಷಾಂಶ ರೇಖಾಂಶದಲ್ಲಿ ಕೊಡಬೇಕು. ನಾಲ್ಕು ಹೆಕ್ಟೇರಿನವರೆಗಿನ ತೋಟಕ್ಕೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸುತ್ತಲಿನ ಎಲ್ಲೆಯೇ ಬೇಕು. 2024ರ ಡಿಸೆಂಬರಿನಲ್ಲಿ ಜಾರಿಯಾಗಬೇಕಿದ್ದ ಈ ಕಾನೂನನ್ನು ಮೊದಲು 2025ರ ಡಿಸೆಂಬರಿಗೆ, ಅನಂತರ ಮತ್ತೊಮ್ಮೆ ಮುಂದೂಡಲಾಯಿತು. ಮುಂದೂಡಿದ್ದಾರೆಂದು ಸುಮ್ಮನಿರುವುದು ಸರಿಯಲ್ಲ. ನಮ್ಮ ಕಾಫಿಯ ರಫ್ತಿನಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ ದೇಶಗಳ ಪಾಲು ದೊಡ್ಡದು. ದಾಖಲೆ ಇರುವ ದೊಡ್ಡ ತೋಟದ ಮಾಲನ್ನು ಕೊಳ್ಳುವವರು ಮೊದಲು ಕೊಂಡು, ದಾಖಲೆ ಇಲ್ಲದ ಸಣ್ಣವರ ಮಾಲಿಗೆ ಬೆಲೆ ಮುರಿದರೆ ಕೇಳುವವರಾರು? ಅಡಿಕೆ ಈ ಕಾನೂನಿನ ಪಟ್ಟಿಯಲ್ಲಿ ಇಲ್ಲ, ಕಾಫಿ ಇದೆ.

ಒಳ್ಳೆಯ ಸಂಗತಿಯೆಂದರೆ ಸ್ಥಾನ ಗುರುತಿಸಲು ದುಬಾರಿ ಉಪಕರಣ ಬೇಡ. ಸಾಮಾನ್ಯ ಮೊಬೈಲೇ ಬಿಂದುವನ್ನು ಕೊಡುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರನ್ನು ನೋಡಬಹುದು. ಅದರ ಗೆರೆ ಕೋರ್ಟಿನಲ್ಲಿ ನಡೆಯುವ ಗಡಿಯಲ್ಲ ಎಂಬುದು ನೆನಪಿರಲಿ. ಪಹಣಿ, ಬಿಂದು, ಮರಗಳ ಜಾತಿ ಮತ್ತು ಎದೆಮಟ್ಟದ ಸುತ್ತಳತೆ, ಇವಿಷ್ಟನ್ನು ಒಂದು ಸಲ ಬರೆದಿಟ್ಟರೆ ಯುರೋಪಿನ ವ್ಯಾಪಾರಿಗೂ ಅದೇ ದಾಖಲೆ, ಇಂಗಾಲದ ಲೆಕ್ಕಕ್ಕೂ ಅದೇ ದಾಖಲೆ.

ಇಂಗಾಲದ ದುಡ್ಡಿನ ಮಾತು

ನಿಮ್ಮ ಮರಗಳಿಗೆ ಇಂಗಾಲದ ಹಣ ಕೊಡಿಸುತ್ತೇವೆ, ಇಲ್ಲಿ ಸಹಿ ಹಾಕಿ ಎಂದು ಬರುವವರ ಬಗ್ಗೆ ಎರಡು ಮಾತು ಅಗತ್ಯ. ಕೇಂದ್ರ ಸರ್ಕಾರ 2023ರಲ್ಲಿ ಇಂಗಾಲದ ವ್ಯಾಪಾರದ ಯೋಜನೆಯನ್ನು ಪ್ರಕಟಿಸಿದೆ. ಹೊರದೇಶಗಳ ಖಾಸಗಿ ಮಾರುಕಟ್ಟೆಗಳೂ ಇವೆ. ವ್ಯವಹಾರವೇ ಸುಳ್ಳೆನ್ನಲಾಗದು. ಆದರೆ ಅದರ ಮೂಲ ನಿಯಮ ಇದು: ಮೊದಲಿನಿಂದ ಇದ್ದ ಮರಕ್ಕೆ ಹಣವಿಲ್ಲ; ಯೋಜನೆ ಬಂದಮೇಲೆ ಹೆಚ್ಚುವರಿಯಾಗಿ ಆದ ಕೆಲಸಕ್ಕೆ ಹಣ. ತಲೆಮಾರುಗಳಿಂದ ಮರ ಕಾಪಾಡಿದವನಿಗೆ ಇದರಲ್ಲಿ ಅನ್ಯಾಯವಿದೆ. ನಿಯಮ ಹಾಗಿದೆ. ಮರಗಳ ಒಪ್ಪಂದಗಳು ಹತ್ತಾರು ವರ್ಷಗಳ ಅವಧಿಯವು. ಆದುದರಿಂದ ಸಹಿಗೆ ಮೊದಲು ಕೇಳಿರಿ: ಅಳೆಯುವವರು ಯಾರು? ಖರ್ಚು ಕಳೆದು ಎಕರೆಗೆ ಬರುವುದೆಷ್ಟು? ಗಾಳಿಗೆ ಮರ ಬಿದ್ದರೆ ಹೊಣೆ ಯಾರದು? ತೋಟ ಮಕ್ಕಳಿಗೆ ಪಾಲಾದರೆ ಏನು? ನಮ್ಮ ಅಂಕಿಅಂಶ ಯಾರ ಸ್ವತ್ತು? ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಸಹಿ ಬೇಡ. ಕಾಗದವನ್ನು ಸಂಘಕ್ಕೆ ತಂದು ತೋರಿಸಿ. ಒಬ್ಬೊಬ್ಬರಾಗಿ ಮಾತನಾಡುವುದಕ್ಕಿಂತ ಒಟ್ಟಾಗಿ ಮಾತನಾಡಿದರೆ ಎದುರಿನವರು ಕೇಳುತ್ತಾರೆ.

ಯಾವುದು ಮನೆಗೆ, ಯಾವುದು ಸಂಘಕ್ಕೆ?

ಮೊಬೈಲಿಗೂ ವಿದ್ಯುತ್ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ವರ್ಷಕ್ಕೆ ಎಂಟು ಒಂಬತ್ತು ಯೂನಿಟ್, ಅಂದರೆ ಐದು ಅಶ್ವಶಕ್ತಿಯ ಪಂಪು ಎರಡು ಗಂಟೆ ಓಡಿದಷ್ಟು. ಅದರ ಹಿಂದಿನ ಗೋಪುರ, ಸರ್ವರುಗಳ ಖರ್ಚು ಬೇರೆ ಇದೆ. ಪ್ರತಿ ವರ್ಷ ಹೊಸ ಫೋನು ಕೊಂಡರೆ ಅದನ್ನು ತಯಾರಿಸುವ ಇಂಗಾಲವೂ ಸೇರುತ್ತದೆ. ಇರುವ ಫೋನನ್ನೇ ಚೆನ್ನಾಗಿ ಬಳಸುವುದು ಮೇಲು.

ಕೊಳ್ಳುವ ವಿಚಾರದಲ್ಲಿ ನನ್ನ ಸಲಹೆ ಇಷ್ಟು. ಮಳೆಮಾಪಕ, ಮಣ್ಣು ಪರೀಕ್ಷೆಯ ವರದಿ, ಪಂಪಿಗೆ ಸಮಯ ಮಿತಿ, ಇವು ಪ್ರತಿಯೊಬ್ಬರ ತೋಟಕ್ಕೂ ಬೇಕಾದವು. ತೇವಾಂಶ ಮಾಪಕ, ಮಣ್ಣಿನ ಸೆನ್ಸರ್, ಎಲ್ಲೆ ಗುರುತಿಸುವ ಕೆಲಸ, ಇವು ಸಂಘದ ಮೂಲಕ ಹಂಚಿಕೊಳ್ಳಬೇಕಾದವು. ಡ್ರೋನು, ಸಾವಿರಾರು ರೂಪಾಯಿ ವಾರ್ಷಿಕ ಚಂದಾದ ಆ್ಯಪು, ಇವು ಎರಡು ಎಕರೆಯವರಿಗೆ ಸದ್ಯಕ್ಕೆ ಬೇಡ. ಸಿಗ್ನಲ್ ಇಲ್ಲದ ಕಣಿವೆಯಲ್ಲಿರುವ ಸದಸ್ಯರೂ, ಮೊಬೈಲ್ ಓದಲು ಬಾರದ ಹಿರಿಯರೂ ಈ ಲೆಕ್ಕದಿಂದ ಹೊರಗುಳಿಯಬಾರದು. ಮನೆಯ ಹುಡುಗ ಹುಡುಗಿಯರು ಪಟ್ಟಣದಿಂದ ರಜೆಗೆ ಬಂದಾಗ ಒಂದು ದಿನ ತೋಟ ಸುತ್ತಿ ಈ ದಾಖಲೆ ಮಾಡಿಕೊಡಲಿ.

ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಲಾಗುವುದು. ಅದಕ್ಕೆ ಮೊದಲು ಪ್ರತಿಯೊಬ್ಬ ಸದಸ್ಯರೂ ಒಂದು ಹಾಳೆಯಲ್ಲಿಯೋ ಮೊಬೈಲಿನಲ್ಲಿಯೋ ಈ ಐದು ಅಂಕಿಗಳನ್ನು ಬರೆದು ತರಬೇಕೆಂದು ಕೋರಿಕೆ: ಹಿಂದಿನ ವರ್ಷ ಹಾಕಿದ ಗೊಬ್ಬರದ ಮೂಟೆಗಳು ಜಾತಿವಾರು, ಪಂಪು ದಿನಕ್ಕೆ ಓಡಿದ ಗಂಟೆ ಮತ್ತು ಒಟ್ಟು ದಿನ, ಕೊಂಡ ಡೀಸೆಲ್, ಒಣಗಿಸಲು ಬಳಸಿದ ಸೌದೆ, ಕಡಿದ ಮತ್ತು ನೆಟ್ಟ ಮರಗಳು. ನೆನಪಿನಿಂದ ಬರೆದದ್ದಾದರೂ ಅಡ್ಡಿಯಿಲ್ಲ. ಮುಂದಿನ ವರ್ಷ ಅದೇ ಐದು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಯಾರ ತೋಟದಲ್ಲಿ ಫಸಲು ಕುಗ್ಗದೆ ಮೂಟೆಯೂ ಗಂಟೆಯೂ ಕಡಿಮೆಯಾಗಿದೆಯೋ ಅವರು ಸಭೆಯಲ್ಲಿ ಎದ್ದು ನಿಂತು ಹೇಗೆ ಮಾಡಿದರೆಂದು ಹೇಳಲಿ.